ಅಕ್ಕನಿಗೆ ಏಳು ಮನೆಯ ಹೆಪ್ಪು

ಮೇಷ್ಟ್ರಾದವನಿಗೆ ಒಂದು ಕೆಟ್ಟ ಚಾಳಿ ಇರುತ್ತದೆ. ಬೆಳಿಗ್ಗೆ ಓದಿದ್ದನ್ನು ಸಂಜೆಯೊಳಗೆ ಯಾರಿಗಾದರೂ ಪಾಠ ಮಾಡದಿದ್ದರೆ ಊಟ ಸೇರುವುದಿಲ್ಲ. ನಾನು ಹೊಳೆನರಸೀಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವನು. ಮಕ್ಕಳು ಬೆಲ್ ಹೊಡೆದರೆ ಎದ್ದು ಓಡುತ್ತಾರೆ. ಮನೆಯವರು ಪಾಪ, ಎಲ್ಲಿಗೆ ಹೋಗಬೇಕು?

ಹೀಗೆ ಸಿಕ್ಕಿಬಿದ್ದವಳು ನಮ್ಮ ಜೊತೆಗೇ ಇರುವ ನನ್ನಕ್ಕ ಜಯಮ್ಮ. ಅವಳಿಗೆ ಮೆದುಳು, ಬೆನ್ನುಹುರಿಯ ನರಗಳಲ್ಲಿ ಆಗಾಗ ಉರಿಯೂತ ಬರುವ ಕಾಯಿಲೆ. ಮೂರು ವರ್ಷದ ಹಿಂದೆ ಒಂದು ಕಣ್ಣು ಮಂಜಾಗಿ ಬಲಗಾಲು ಜೋಮು ಹಿಡಿದಾಗ ಹಾಸನದ ಡಾಕ್ಟರು ಪತ್ತೆ ಮಾಡಿದರು. ದಿನ ಬಿಟ್ಟು ದಿನ ಇಂಜೆಕ್ಷನ್, ಅದೂ ತಾನೇ ತೊಡೆಗೆ ಚುಚ್ಚಿಕೊಳ್ಳಬೇಕು. ಚುಚ್ಚಿಕೊಂಡ ದಿನ ಜ್ವರ ಬಂದವಳಂತೆ ಮುದುರಿ ಮಲಗುತ್ತಿದ್ದಳು. ಆದರೂ ತನ್ನ ಕಾಲ ಮೇಲೆ ತಾನು ಓಡಾಡಿಕೊಂಡಿದ್ದಳು.

ಅಷ್ಟರಲ್ಲಿ ನಾನು ಮೊಬೈಲಿನಲ್ಲಿ ಒಂದು ಲೇಖನ ಓದಿದೆ. ಕರುಳಿನ ಬ್ಯಾಕ್ಟೀರಿಯಾಗಳಿಗೂ ಮೆದುಳಿನ ಉರಿಯೂತಕ್ಕೂ ನಂಟಿದೆಯಂತೆ. ಅವು ತಯಾರಿಸುವ ಪದಾರ್ಥಗಳು ಮೈಯ ರಕ್ಷಣಾ ಕಣಗಳನ್ನು ಕೆರಳಿಸಲೂಬಹುದು, ತಣ್ಣಗೆ ಮಾಡಲೂಬಹುದು. ಡಾಕ್ಟರನ್ನೂ ಕೇಳಿದೆ. "ನಂಟಿರೋದು ನಿಜ ಮೇಷ್ಟ್ರೇ. ಪೂರ್ತಿ ಇನ್ನೂ ಗೊತ್ತಾಗಿಲ್ಲ. ಮೊಸರು, ಸೊಪ್ಪು ತಿನ್ನಲಿ. ಇಂಜೆಕ್ಷನ್ ಮಾತ್ರ ತಪ್ಪಬಾರದು" ಅಂದರು. ನನ್ನ ಕಿವಿಗೆ ಬಿದ್ದದ್ದು ಮೊದಲ ವಾಕ್ಯ ಮಾತ್ರ.

ಬಗೆಬಗೆಯ ಬ್ಯಾಕ್ಟೀರಿಯಾ ಬೇಕೆಂದು ಲೇಖನ ಹೇಳಿತ್ತಲ್ಲ, ಬೀದಿಯ ಏಳು ಮನೆಯಿಂದ ಹೆಪ್ಪು ತಂದು ಏಳು ಬಟ್ಟಲು ಮೊಸರು ಮಾಡುವುದೆಂದು ಹೊರಟೆ. ಎದುರುಮನೆ ರಂಗಮ್ಮ, "ದೀಪ ಹಚ್ಚಿದ್ಮ್ಯಾಲೆ ಹೆಪ್ಪು ಕೊಡಾಕಿಲ್ಲ ಸಾ, ಬೆಳಿಗ್ಗೆ ಬನ್ನಿ" ಅಂದಳು. ಅವಳ ಹೊಸಿಲಲ್ಲೇ ನಿಂತು ಮೂಢನಂಬಿಕೆಯ ಬಗ್ಗೆ ಕಾಲು ಗಂಟೆ ಕೊರೆದೆ. ಮಾರನೆಯ ಬೆಳಿಗ್ಗೆ ಬಟ್ಟಲು ಹಿಡಿದು ಅಲ್ಲಿಗೇ ಹೋದೆ. ಫ್ರಿಜ್ಜಿನಲ್ಲಿ ಬಟ್ಟಲುಗಳಿಗೆ ಜಾಗ ಸಾಲದೆ ಇಂಜೆಕ್ಷನ್ ಡಬ್ಬಿಗಳನ್ನು ಮೂಲೆಗೆ ತಳ್ಳಿದೆ.

ಊಟಕ್ಕೆ ಕೂತಾಗಲೆಲ್ಲ ಪಾಠ. "ಅಕ್ಕಾ, ನಿಜವಾದ ಔಷಧಿ ಅಂಗಡೀಲಿಲ್ಲ, ನಿನ್ನ ಹೊಟ್ಟೇಲೇ ಇದೆ" ಅನ್ನುತ್ತಿದ್ದೆ. ನಮ್ಮ ವಂಶದಲ್ಲಿ ಎಂ.ಎಸ್ಸಿ. ಮಾಡಿದವನು ನಾನೊಬ್ಬನೇ. ಅಕ್ಕ ಮೊಸರನ್ನ ಕಲಸುತ್ತಾ ಭಕ್ತಿಯಿಂದ ಕೇಳುತ್ತಿದ್ದಳು. ಮುದುರಿ ಮಲಗುವುದು ನಿಂತಿತ್ತು. ಮೊಸರಿನ ಮಹಿಮೆ ಎಂದು ಸ್ಟಾಫ್ ರೂಮಿನಲ್ಲೆಲ್ಲ ಸಾರಿದೆ.

ಎರಡು ತಿಂಗಳಾಗಿರಬೇಕು, ಕಾಫಿ ಲೋಟ ತರುತ್ತಿದ್ದ ಅಕ್ಕ ನಡುಮನೆಯಲ್ಲಿ ಬಿದ್ದಳು. ಬಲಗಾಲು ಏಳಲೇ ಇಲ್ಲ. ಫ್ರಿಜ್ಜು ತೆಗೆದು ನೋಡಿದರೆ ಬಟ್ಟಲುಗಳ ಹಿಂದೆ ಇಂಜೆಕ್ಷನ್ ಡಬ್ಬಿಗಳು ಸೀಲು ಒಡೆಯದೆ ಹಾಗೇ ಕೂತಿವೆ.

"ಯಾಕಕ್ಕಾ ಬಿಟ್ಟೆ? ಯಾರು ಬಿಡು ಅಂದ್ರು?" ಎಂದು ರೇಗಿದೆ.

"ನೀನೇ ಯೋಳ್ದಲ್ಲಪ್ಪಾ, ಔಸ್ದಿ ಒಟ್ಟೇಲೇ ಐತೆ ಅಂತ. ಓದ್ದೋನು ಸುಳ್ಳು ಯೋಳ್ತೀಯಾ ಅಂತ ಬುಟ್ಬುಟ್ಟೆ."

ಇಂಜೆಕ್ಷನ್ ಬಿಡು ಎಂದು ನಾನು ಬಾಯಿಬಿಟ್ಟು ಹೇಳಿರಲಿಲ್ಲ, ನಿಜ. ಹಾಸನದವರೆಗೂ ಕಾರಿನಲ್ಲಿ ಆ ಒಂದು ಮಾತನ್ನೇ ಹಿಡಿದು ಕೂತಿದ್ದೆ.

ಡಾಕ್ಟರು ಪರೀಕ್ಷೆ ಮಾಡಿ, ಡ್ರಿಪ್ ಹಾಕಲು ಹೇಳಿ, ಕಾಲು ಎಷ್ಟರಮಟ್ಟಿಗೆ ವಾಪಸ್ ಬರುತ್ತದೋ ನೋಡೋಣ ಅಂದರು. ಆಮೇಲೆ ಕನ್ನಡಕ ತೆಗೆದು, "ಯಾರಮ್ಮಾ ಇಂಜೆಕ್ಷನ್ ಬಿಡು ಅಂತ ಹೇಳಿದ್ದು?" ಎಂದು ಕೇಳಿದರು.

ನಾನು ನೆಲ ನೋಡಿದೆ. ಅಕ್ಕ ನನ್ನ ಕಡೆ ತಿರುಗಲೂ ಇಲ್ಲ.

"ಯಾವನೋ ಓದು ಬರ ಇಲ್ದೋನು ಸಾ" ಅಂದಳು.

ಡಾಕ್ಟರು ನನ್ನ ಹೆಗಲು ಮುಟ್ಟಿ, "ನೋಡಿ ಮೇಷ್ಟ್ರೇ, ಅಂಥೋರಿಗೆಲ್ಲ ನಿಮ್ಮಂಥೋರು ತಿಳುವಳಿಕೆ ಹೇಳಬೇಕು" ಅಂದರು.

"ಹೇಳ್ತೀನಿ ಸಾರ್" ಅಂದೆ.