ಎರಡೇ ರಿಂಗಿಗೆ ಎತ್ತಿದ ಗ್ರೆಗರಿ

ಫೋನ್ ಇಟ್ಟುಬಿಟ್ಟರೆ ಒರಟಾಗುತ್ತದೆಯೇ? ಕಾರ್ಡಿನ ಹಿಂದಿರುವ ಮೂರು ಅಂಕಿಗಳನ್ನು ವಿಮಾನ ಕಂಪನಿಯವರು ಯಾಕೆ ಕೇಳಬೇಕು? ಯಾರಿಗೂ ಹೇಳಬಾರದು ಎಂದು ಪತ್ರಿಕೆಯಲ್ಲಿ ಓದಿದ ನೆನಪು. ಆದರೆ ಪತ್ರಿಕೆಯವರೇನು ಮಗಳ ಮದುವೆಯ ಬಗ್ಗೆ ವಿಚಾರಿಸಿದ್ದರೇ? ಈ ಗ್ರೆಗರಿ ವಿಚಾರಿಸಿದ್ದ. ಅಳಿಯ ಏನು ಕೆಲಸ ಮಾಡುತ್ತಾನೆ ಎಂದೂ ಕೇಳಿದ್ದ. ಅಂಥವನ ಕಿವಿಯ ಮೇಲೆ ಪಟ್ಟನೆ ಫೋನ್ ಇಡುವುದೆಂದರೆ...

"ಸರ್, ಇದ್ದೀರಾ?"

"ಇದ್ದೀನಿ, ಇದ್ದೀನಿ. ಕಾಯಿಸಿಬಿಟ್ಟೆ, ಬೇಜಾರು ಮಾಡ್ಕೋಬೇಡಿ," ಎಂದ ಅರ್ವಿಡ್ ಸೋರ್ಬೋ ಮೂರು ಅಂಕಿಗಳನ್ನೂ ಹೇಳಿದ. ಗ್ರೆಗರಿಗೆ ಸರಿಯಾಗಿ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಗಟ್ಟಿಯಾಗಿ ಹೇಳಿದ.

ಅರ್ವಿಡ್ ಉತ್ತರದ ಚಳಿಸೀಮೆಯ ಡುಲೂತ್‌ನಲ್ಲಿ ನಲವತ್ತು ವರ್ಷ ಸ್ಕೂಲ್ ಬಸ್ ಓಡಿಸಿದವನು. ಅಷ್ಟು ವರ್ಷಗಳಲ್ಲಿ ಹಾರನ್ ಬಾರಿಸಿದ್ದು ಎರಡೇ ಸಲ; ಎರಡು ಸಲವೂ ಆಮೇಲೆ ಮನೆ ಹುಡುಕಿಕೊಂಡು ಹೋಗಿ ಕ್ಷಮೆ ಕೇಳಿದ್ದ. ನಾಳೆ ಹನ್ನೊಂದು ಗಂಟೆಗೆ ಫೀನಿಕ್ಸಿನಲ್ಲಿ ಮಗಳು ಮಾರ್ಗಿಟ್‌ಳ ಕೈಹಿಡಿದು ಚರ್ಚಿನೊಳಗೆ ನಡೆಸಿಕೊಂಡು ಹೋಗಬೇಕು. ಇಲ್ಲಿ ಡುಲೂತ್ ವಿಮಾನ ನಿಲ್ದಾಣದಲ್ಲಿ ನೋಡಿದರೆ ಬೆಳಗಿನಿಂದ ಹಿಮ ಸುರಿಯುತ್ತಿದೆ, ವಿಮಾನದ ಸುಳಿವಿಲ್ಲ. ಕಂಪನಿಯ ಟಿಕೆಟ್ ಮೇಲಿದ್ದ ನಂಬರಿಗೆ ಫೋನ್ ಮಾಡಿದರೆ ನಾಲ್ಕು ಗಂಟೆ ಕಾಯಬೇಕೆಂದು ಹೇಳಿ ಕೊಳಲಿನ ಸಂಗೀತ ಹಾಕಿದರು. ಅರ್ವಿಡ್ ಮೊಬೈಲಿನಲ್ಲಿ ಹುಡುಕಿ, ಎಲ್ಲಕ್ಕಿಂತ ಮೇಲೆ ಕಂಡ ಇನ್ನೊಂದು ನಂಬರ್ ಒತ್ತಿದ. ಎರಡೇ ರಿಂಗಿಗೆ ಗ್ರೆಗರಿ ಎತ್ತಿದ. ಆರುನೂರು ಡಾಲರಿಗೆ ಬೇರೆ ವಿಮಾನದಲ್ಲಿ ಸೀಟು, ಟಿಕೆಟ್ ಅರ್ಧ ಗಂಟೆಯಲ್ಲಿ ಬರುತ್ತದೆ ಎಂದ.

ಒಳ್ಳೆಯದನ್ನು ಒಬ್ಬನೇ ಇಟ್ಟುಕೊಳ್ಳುವ ಜಾಯಮಾನ ಅರ್ವಿಡ್‌ನದಲ್ಲ. ಗೇಟಿನ ಬಳಿ ಕಾಯುತ್ತಿದ್ದ ಹನ್ನೊಂದು ಜನರಿಗೂ ನಂಬರನ್ನು ಓದಿ ಹೇಳಿದ.

"ಅಯ್ಯೋ, ಎಷ್ಟು ಒಳ್ಳೇವ್ರಪ್ಪ ನೀವು!" ಎಂದಳು ಪಕ್ಕದಲ್ಲಿ ಸ್ವೆಟರ್ ಹೆಣೆಯುತ್ತಿದ್ದ ಲವೋನ್. ಅವಳಿಗೆ ಸೀಟೇ ಖಾತ್ರಿಯಿರಲಿಲ್ಲ. ಯಾರಾದರೂ ಬಿಟ್ಟರೆ ಸೀಟು ಸಿಗುವ ಕಾಯುವ ಪಟ್ಟಿಯಲ್ಲಿ ಮೊದಲನೆಯವಳಾಗಿದ್ದಳು. ನಂಬರನ್ನು ಮುತ್ತು ಪೋಣಿಸಿದಂತೆ ಬರೆದುಕೊಂಡಳು.

ಎದುರಿಗಿದ್ದ ಡ್ವೇನ್ ಎಂಬ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಕನ್ನಡಕ ತೆಗೆದು ಒರೆಸಿದ. "ಎರಡೇ ರಿಂಗಾ? ಅದು... ಸ್ವಲ್ಪ ಬೇರೆ ಥರ ಇದೆಯಲ್ಲ."

ಆ ಸೀಮೆಯಲ್ಲಿ 'ಬೇರೆ ಥರ ಇದೆ' ಎನ್ನುವುದಕ್ಕಿಂತ ಕಟುವಾದ ಮಾತಿಲ್ಲ. ಮನೆಗೆ ಬೆಂಕಿ ಬಿದ್ದರೂ ಅವರು ಅಷ್ಟೇ ಹೇಳುವುದು. ಆದರೆ ಖುಷಿಯಲ್ಲಿದ್ದ ಅರ್ವಿಡ್‌ಗೆ ಅದು ಹೊಗಳಿಕೆಯಂತೆ ಕೇಳಿಸಿತು.

ಅರ್ಧ ಗಂಟೆ ಒಂದೂವರೆ ಗಂಟೆಯಾಯಿತು. ಟಿಕೆಟ್ ಬರಲಿಲ್ಲ. ಅರ್ವಿಡ್ ಕೌಂಟರಿನ ಹುಡುಗಿ ಬ್ರೆಂಡಾಳ ಹತ್ತಿರ ಹೋಗಿ ನಂಬರ್ ತೋರಿಸಿದ.

"ಇದು ನಮ್ಮ ನಂಬರ್ ಅಲ್ಲ ಸರ್."

"ಅಲ್ಲಮ್ಮ, ಎರಡೇ ರಿಂಗಿಗೆ ಎತ್ತಿದ್ರು!"

"ಅದಕ್ಕೇ ಹೇಳಿದ್ದು. ನಾವು ಯಾವ ಕಾಲಕ್ಕೂ ಎರಡು ರಿಂಗಿಗೆ ಎತ್ತಿದವರಲ್ಲ."

ತನ್ನ ಆರುನೂರು ಹಾಳಾಗಿ ಹೋಗಲಿ, ಆ ಹನ್ನೊಂದು ಜನ? ತಿರುಗಿ ನೋಡಿದರೆ ಲವೋನ್ ಫೋನಿನಲ್ಲಿ ಏನೋ ಸಂಖ್ಯೆಗಳನ್ನು ಒಪ್ಪಿಸುತ್ತಿದ್ದಾಳೆ! ಅರ್ವಿಡ್ ಓಡಿದ. ಜನ್ಮದಲ್ಲಿ ಯಾರನ್ನೂ ಮುಟ್ಟದವನು ಅವಳ ಕೈಯಿಂದ ಫೋನ್ ಕಿತ್ತು ಆರಿಸಿಯೇಬಿಟ್ಟ.

"ಅದು ನಮ್ಮಕ್ಕ ಕಣ್ರೀ!" ಎಂದಳು ಲವೋನ್. "ಸ್ವೆಟರಿನ ಹೆಣಿಗೆ ಲೆಕ್ಕ ಹೇಳ್ತಿದ್ದೆ. ಈಗಷ್ಟೇ ಬೈ ಹೇಳೋಕೆ ಶುರು ಮಾಡಿದ್ವಿ, ಇನ್ನು ಇಪ್ಪತ್ತು ನಿಮಿಷದಲ್ಲಿ ಮುಗೀತಿತ್ತು."

ಅರ್ವಿಡ್ ಎಲ್ಲರೆದುರು ಟೋಪಿ ತೆಗೆದು ನಿಂತ. "ಆ ನಂಬರ್ ಕಳ್ಳರದ್ದು. ನಿಮ್ಮನ್ನೆಲ್ಲ ಹಾಳು ಮಾಡಿದ ಪಾಪಿ ನಾನು."

ಎಲ್ಲರೂ ತಮ್ಮ ತಮ್ಮ ಬೂಟುಗಳನ್ನು ನೋಡಿಕೊಂಡರು. ಕೊನೆಗೆ ಡ್ವೇನ್ ಕೆಮ್ಮಿದ.

"ನಮ್ಮಲ್ಲಿ ಯಾರೂ ಫೋನ್ ಮಾಡಿಲ್ಲ ಅರ್ವಿಡ್ ಅವರೇ. ಬ್ಯಾಂಕಲ್ಲಿ ಮೂವತ್ತು ವರ್ಷ ಇಂಥ ದೂರುಗಳನ್ನೇ ನೋಡಿದೋನು ನಾನು. ನೀವು ಕಾರ್ಡ್ ನಂಬರ್ ಹೇಳ್ತಿದ್ದಾಗ್ಲೇ ಗೊತ್ತಾಯ್ತು."

"ಹೇಳ್ತಿದ್ದಾಗ್ಲೇ?"

"ಇಬ್ಬರು ಮಾತಾಡುವಾಗ ಮಧ್ಯೆ ಬಾಯಿ ಹಾಕೋದು ಚೆನ್ನಾಗಿರಲ್ಲ ಅಂತ ಸುಮ್ನಿದ್ದೆ."

"ನೀವು ಎಷ್ಟು ಖುಷಿಯಾಗಿದ್ರಿ," ಎಂದಳು ಲವೋನ್. "ಮೂರು ಅಂಕಿ ಎರಡೆರಡು ಸಲ ಬೇರೆ ಹೇಳಿದ್ರಿ. ಪಾಪ ಅನ್ನಿಸ್ತು."

ಇಂಗು ತಿಂದ ಮಂಗನಂತೆ ಅರ್ವಿಡ್ ನಿಂತಿರುವಾಗಲೇ ಧ್ವನಿವರ್ಧಕ ಗೊರಗುಟ್ಟಿತು. ವಿಮಾನ ಬಂದಿದೆ, ಫೀನಿಕ್ಸಿಗೆ ಹೋಗುವವರು ಸಾಲಾಗಿ ಬನ್ನಿ! ಅರ್ವಿಡ್‌ಗೆ ಹೋದ ಜೀವ ಬಂದಂತಾಯಿತು. ಹಣ ಹೋದರೂ ಮದುವೆ ಸಿಕ್ಕಿತಲ್ಲ! ಸಾಲಿನಲ್ಲಿ ಎಲ್ಲರನ್ನೂ ಮುಂದೆ ಬಿಟ್ಟು, ಕೊನೆಯವನಾಗಿ ಟಿಕೆಟ್ ಒಡ್ಡಿದ. ಯಂತ್ರ ಕೆಂಪು ದೀಪ ತೋರಿಸಿತು.

ಬ್ರೆಂಡಾ ಪರದೆ ನೋಡಿ ತುಟಿ ಕಚ್ಚಿದಳು. "ನೀವು ಅವನಿಗೆ ಬುಕಿಂಗ್ ನಂಬರನ್ನೂ ಕೊಟ್ಟಿದ್ರಾ? ಅವನು ನಿಮ್ಮ ಈ ಟಿಕೆಟನ್ನೇ ರದ್ದು ಮಾಡಿಸಿದಾನೆ ಸರ್. ಸೀಟು ಕಾಯುವ ಪಟ್ಟಿಗೆ ಹೋಯ್ತು, ಈ ಲವೋನ್ ಅವರಿಗೆ ಸಿಕ್ತು. ಇನ್ನು ನಾಳೆ ಸಂಜೆಯೇ ವಿಮಾನ. ಇವರಾಗೇ ಬಿಟ್ಟುಕೊಟ್ರೆ ನಿಮಗೆ ಕೊಡಬಹುದು."

ಬಾಗಿಲ ಬಳಿ ಲವೋನ್ ನಿಂತಿದ್ದಳು, ಕೈಯಲ್ಲಿ ಹೊಸ ಟಿಕೆಟ್.

"ಅಯ್ಯೋ, ತಗೊಳ್ರಿ, ನೀವೇ ಹೋಗಿ," ಎಂದಳು.

"ಛೆ ಛೆ, ಬೇಡ ಬಿಡಿ," ಎಂದ ಅರ್ವಿಡ್.

ಆ ಸೀಮೆಯಲ್ಲಿ ಯಾರೇ ಏನೇ ಕೊಟ್ಟರೂ, ಕಾಫಿಯಾಗಲಿ ಕುದುರೆಯಾಗಲಿ, ಎರಡು ಸಲ ಬೇಡವೆನ್ನಬೇಕು. ಮೂರನೆಯ ಸಲಕ್ಕೆ ಒಪ್ಪಬೇಕು. ಮೊದಲ ಸಲಕ್ಕೇ ಕೈಚಾಚಿದವನನ್ನು ಊರು ಸಾಯುವ ತನಕ ಮರೆಯುವುದಿಲ್ಲ.

"ನಿಜವಾಗ್ಲೂ ಹೇಳ್ತಿದೀನಿ, ತಗೊಳ್ಳಿ. ನಾನು ಬಿಸಿಲು ಕಾಯೋಕೆ ಹೊರಟವಳು ಅಷ್ಟೇ."

"ಇಲ್ಲ ಇಲ್ಲ, ನಿಮಗೆ ತೊಂದರೆ," ಎಂದು ಎರಡನೆಯದನ್ನೂ ಮುಗಿಸಿದ ಅರ್ವಿಡ್, ಕೈಯನ್ನು ಅರ್ಧ ಮುಂದೆ ಇಟ್ಟುಕೊಂಡು ಮೂರನೆಯದಕ್ಕೆ ಕಾದ.

ಲವೋನ್ ಕೂಡ ಆ ಸೀಮೆಯವಳೇ. ಲೆಕ್ಕ ಅವಳಿಗೂ ಗೊತ್ತಿತ್ತು. ಎರಡಕ್ಕೇ ನಿಲ್ಲಿಸಿದಳು.

"ನಿಮ್ಮಂಥೋರು ಸಿಗೋದು ಕಷ್ಟ ಕಣ್ರೀ," ಎಂದು ಅವನ ಕೈಯನ್ನು ಮೃದುವಾಗಿ ತಟ್ಟಿ ಒಳಗೆ ನಡೆದಳು. ಬಾಗಿಲು ಮುಚ್ಚಿತು.

"ಕೂಗಿ ಕರೀಲಾ ಸರ್?" ಎಂದಳು ಬ್ರೆಂಡಾ. "ಇನ್ನೂ ಒಂದು ನಿಮಿಷ ಇದೆ."

"ಪರವಾಗಿಲ್ಲಮ್ಮ," ಎಂದ ಅರ್ವಿಡ್. ಗಾಜಿನಾಚೆ ವಿಮಾನ ಹಿಮದಲ್ಲಿ ನಿಧಾನವಾಗಿ ಹಿಂದೆ ಸರಿಯಿತು. ಯಾವುದೋ ಕಿಟಕಿಯಿಂದ ಯಾರೋ ಕೈಬೀಸಿದರು, ಅವನೂ ಬೀಸಿದ.

ನಾಳೆ ನನ್ನ ಮಗಳ ಮದುವೆ, ಆ ಸೀಟು ನನಗೆ ಬೇಕು ಎಂದು ಅವನು ಹೇಳಲೇ ಇಲ್ಲ.