ಬಿನ್ ಇಲ್ಲದ ಸಾಲುಗಳು

ಯಂತ್ರ ತಪ್ಪು ಮಾಡುವುದಿಲ್ಲ ಎನ್ನುವವರನ್ನು ಕಂಡರೆ ನಾನು ಈಗಲೂ ಜಾಗ ಬದಲಿಸಿ ಕೂರುತ್ತೇನೆ. ಅವರು ಹೇಳುವುದು ಸುಳ್ಳೆಂದಲ್ಲ, ನಿಜವೆಂದೇ. ತಪ್ಪು ಮಾಡಿದವನು ನಾನು. ಎಪ್ಪತ್ತರ ದಶಕದ ನಡುವಿನಲ್ಲಿ ಮದ್ದೂರಿನ ಒಂದು ಕಬ್ಬು ಬೆಳೆಗಾರರ ಸಂಘದಲ್ಲಿ ಗುಮಾಸ್ತನಾಗಿದ್ದೆ. ಕಟಾವಿನ ಸರದಿ ಪಟ್ಟಿಯನ್ನು ಬೆಂಗಳೂರಿನ ಕಂಪ್ಯೂಟರಿನಲ್ಲಿ ಮಾಡಿಸುವುದೆಂದು ತೀರ್ಮಾನವಾಗಿ, ಹದಿನೈದು ದಿನದ ತರಬೇತಿಗೆ ನನ್ನನ್ನು ಕಳಿಸಿದರು. ಬೆರಳು ನೋಡಿಕೊಳ್ಳದೆ ಟೈಪು ಮಾಡುತ್ತಿದ್ದೆ ಎಂಬುದೇ ನನ್ನ ಯೋಗ್ಯತೆ. ಹಿಂದಿರುಗಿದಾಗ ಮಲ್ಲಿಗೆ ಹಾರ ಹಾಕಿದರು. ಅಧ್ಯಕ್ಷರು, "ಅದು ಮಾತಾಡ್ತದಾ?" ಎಂದು ಕೇಳಿದರು. "ಇಲ್ಲ ಗೌಡರೇ, ಹೇಳಿದ್ದು ಕೇಳ್ತದೆ" ಎಂದೆ. "ಅಂಗಾರೆ ನಮ್ಮನೇಗೂ ಒಂದು ತರ್ಸುವಾ" ಎಂದರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ.

ಕೆಲಸ ಇಷ್ಟೇ. ನಮ್ಮ ರಿಜಿಸ್ಟರಿನಲ್ಲಿ ಒಬ್ಬೊಬ್ಬ ಸದಸ್ಯನಿಗೆ ಒಂದೊಂದು ಸಾಲು: 'ಕೆಂಪೇಗೌಡ ಬಿನ್ ಚಿಕ್ಕೇಗೌಡ, ಕೊಪ್ಪ'. ಬಿನ್ ಎಂದರೆ ಇಂಥವರ ಮಗ. ಇಡೀ ಸಾಲನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ಕಂಪ್ಯೂಟರು ಓದುವ ತೂತಿನ ಕಾರ್ಡಿಗೆ ಇಳಿಸಿದ್ದರು. ಪಟ್ಟಿಗೆ ಬೇಕಾದದ್ದು ಸದಸ್ಯನ ಹೆಸರು ಮಾತ್ರ. ಅದಕ್ಕೆ ನಾನು ಬರೆದ ನಿಯಮ ಹೀಗಿತ್ತು: ಸಾಲಿನಲ್ಲಿ 'ಬಿನ್' ಹುಡುಕು, ಸಿಕ್ಕರೆ ಅದಕ್ಕಿಂತ ಮೊದಲಿರುವಷ್ಟನ್ನು ಕತ್ತರಿಸಿ ಹೆಸರೆಂದು ಇಟ್ಟುಕೋ, ಸಿಗದಿದ್ದರೆ ಆ ಸಾಲನ್ನು ಬಿಟ್ಟು ಮುಂದೆ ಹೋಗು. ಮೂರನೆಯ ಭಾಗವನ್ನು ಬರೆಯಲು ನನಗೆ ಒಂದು ನಿಮಿಷವೂ ಹಿಡಿಯಲಿಲ್ಲ. ರಿಜಿಸ್ಟರಿನ ಮೊದಲ ಪುಟದ ಹತ್ತು ಸಾಲು ಕೊಟ್ಟು ಪರೀಕ್ಷಿಸಿದೆ. ಹತ್ತೂ ಸರಿಯಾಗಿ ಬಂದವು.

ಪಟ್ಟಿಯನ್ನು ಗೋಡೆಗೆ ಅಂಟಿಸಿದ ಮೂರನೆಯ ವಾರ ಕೊಪ್ಪದ ನಿಂಗಮ್ಮ ಬಂದರು. ಐವತ್ತು ದಾಟಿದ ವಿಧವೆ, ಒಂದೂವರೆ ಎಕರೆ ಕಬ್ಬು.

"ಪಕ್ಕದ್ ಗದ್ದೇದೆಲ್ಲಾ ಓಯ್ತು ಸಾಮಿ, ನಂಗೆ ಮಾತ್ರ ಕಡಿಯೋ ಚೀಟಿ ಬರ್ನಿಲ್ಲ. ಸೂಲಂಗಿ ಬುಟ್ಟದೆ."

ಸೂಲಂಗಿ ಎಂದರೆ ಕಬ್ಬಿನ ಹೂವು. ಅದು ಬಂದ ಮೇಲೆ ಕಬ್ಬು ಒಳಗೊಳಗೇ ಬೆಂಡಾಗುತ್ತದೆ. "ಲಿಸ್ಟಲ್ಲಿ ನಿಮ್ಮ ಹೆಸರಿಲ್ಲ ಕಣಮ್ಮ" ಎಂದೆ. "ಲಿಸ್ಟಲ್ಲಿ ಇಲ್ದಿದ್ರೆ ಗದ್ದೇಲೂ ಇಲ್ವಾ?" ಎಂದರು.

ರಿಜಿಸ್ಟರು ತೆಗೆದೆ. 'ನಿಂಗಮ್ಮ ಕೋಂ ಲೇಟ್ ಬೋರೇಗೌಡ, ಕೊಪ್ಪ'. ಕೋಂ ಎಂದರೆ ಇಂಥವರ ಹೆಂಡತಿ. ಗಂಡಸರಿಗೆ ಬಿನ್, ಹೆಂಗಸರಿಗೆ ಕೋಂ. ಎಂಟು ವರ್ಷ ದಿನವೂ ಕೈಯಾರೆ ಬರೆದಿದ್ದ ಮಾತು. ನಿಯಮ ಬರೆಯುವಾಗ ಅದು ನೆನಪಿಗೇ ಬಂದಿರಲಿಲ್ಲ. ಬಿನ್ ಸಿಗದ ಸಾಲುಗಳನ್ನೆಲ್ಲ, ಎಂದರೆ ಸಂಘದ ಅಷ್ಟೂ ಹೆಂಗಸರನ್ನು, ಕಂಪ್ಯೂಟರು ನಾನು ಹೇಳಿದಂತೆಯೇ ಬಿಟ್ಟು ಮುಂದೆ ಹೋಗಿತ್ತು. ತೂಕದ ಮನೆಯ ಸತ್ತಾರ್, ನನ್ನ ಓರಗೆಯವನು, ಇಣುಕಿ ನೋಡಿ ಹೇಳಿದ: "ಹಾರ ಹಾಕುಸ್ಕಳಾಕೆ ಮುಂಚೆ ಒಂದ್ಸಲ ನಿಮ್ಮವ್ವನ ಎಸ್ರು ಕೊಟ್ಟು ನೋಡ್ಬೇಕಾಗಿತ್ತು ಕಣ್ಲಾ."

ನಿಯಮ ತಿದ್ದಲು ಒಂದೇ ಸಾಲು ಸಾಕಿತ್ತು. ಆದರೆ ಕಾರ್ಡುಗಳು ಬೆಂಗಳೂರಿಗೆ ಹೋಗಿ, ಸರದಿ ಕಾದು, ಪಟ್ಟಿಯಾಗಿ ಬರಲು ಮೂರು ವಾರ. ಅಲ್ಲಿಯವರೆಗೆ ಕೈಯಲ್ಲೇ ಚೀಟಿ ಬರೆದುಕೊಡೋಣವೇ ಎಂದು ಅಧ್ಯಕ್ಷರನ್ನು ಕೇಳಿದೆ. "ಕಂಪ್ಯೂಟ್ರೇ ತಪ್ಪು ಮಾಡ್ತು ಅಂತ ಊರೆಲ್ಲ ಸಾರೋದಾ? ಸುಮ್ಕಿರಯ್ಯ" ಎಂದರು. 'ಕಂಪ್ಯೂಟರಲ್ಲ, ನಾನು' ಎಂದು ಹೇಳದೆ ಕಾರ್ಡುಗಳನ್ನು ಬೆಂಗಳೂರಿಗೆ ಕಟ್ಟಿದೆ. ಹೇಳದೆ ಉಳಿದ ಆ ಮಾತೊಂದನ್ನು ಯಾವ ನಿಯಮದಿಂದಲೂ ಕತ್ತರಿಸಿ ತೆಗೆಯಲಾಗಿಲ್ಲ.

ಹೊಸ ಪಟ್ಟಿ ಬಂದ ದಿನ ನಿಂಗಮ್ಮನವರ ಚೀಟಿ ಹಿಡಿದು ನಾನೇ ಕೊಪ್ಪದ ಬಸ್ಸು ಹತ್ತಿದೆ. ಗದ್ದೆಯಲ್ಲಿ ಕಡಿದ ಕಬ್ಬಿನ ಕೂಳೆ ಮಾತ್ರ ಇತ್ತು. ಬೆಂಡಾದ ಕಬ್ಬನ್ನು ಬೆಲ್ಲ ಮಾಡುವ ಆಲೆಮನೆಯವನು ತನಗೆ ತೋಚಿದ ಬೆಲೆಗೆ ಕಡಿದುಕೊಂಡು ಹೋಗಿದ್ದ. ಅವರು ಬೈಯಲಿಲ್ಲ. ಮಜ್ಜಿಗೆ ಕೊಟ್ಟರು. ಚೀಟಿ ತಲುಪಿದ್ದಕ್ಕೆ ಪುಸ್ತಕದಲ್ಲಿ ಬರೆದು, ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಮೊದಲು ಓದಿ ಹೇಳಿದೆ: "ಕೊಪ್ಪದ ಲೇಟ್ ಬೋರೇಗೌಡರ ಹೆಂಡತಿಗೆ ಚೀಟಿ ತಲುಪಿದೆ."

ನಿಂಗಮ್ಮ ಹೆಬ್ಬೆಟ್ಟನ್ನು ಹಿಂದಕ್ಕೆ ಎಳೆದುಕೊಂಡರು. "ಅದ್ರಲ್ಲಿ ನನ್ನೆಸ್ರು ಎಲ್ಲದೆ ಸಾಮಿ?"

ಪುಸ್ತಕವನ್ನು ಇನ್ನೊಮ್ಮೆ ನೋಡಿದೆ. ಅಕ್ಷರ ನನ್ನದೇ. ಆ ದಿನ ಬಸ್ಸಿನಲ್ಲಿ ನನ್ನ ಜೊತೆ ಯಾವ ಯಂತ್ರವೂ ಬಂದಿರಲಿಲ್ಲ.