ಬೆತ್ತದ ಮೇಷ್ಟ್ರು, ನಶ್ಯದ ಮೇಷ್ಟ್ರು ಮತ್ತು ನನ್ನ ರಾಕ್ಷಸ ಪಾರ್ಟು

ನನಗೆ ಎಲ್ಲರ ದನಿಯೂ ಬರುತ್ತದೆ. ಹೊಳಲ್ಕೆರೆ ಬಸ್ಸಿನ ಕಂಡಕ್ಟರ್, ಅಡಿಕೆ ಮಂಡಿಯ ಸಾಹುಕಾರ, ನೆಗಡಿಯಾದಾಗಿನ ನಮ್ಮ ಹೆಡ್‌ಮೇಷ್ಟ್ರು, ಯಾರು ಬೇಕು ಹೇಳಿ! ಫೋನಿನಲ್ಲಿ ಅಪ್ಪನ ದನಿ ತೆಗೆದು, ಸಂಜೆಗೆ ಒಬ್ಬಟ್ಟು ಮಾಡುವಂತೆ ಅಮ್ಮನಿಗೇ ಆಜ್ಞೆ ಹೊರಡಿಸಿದ ಧೀರ ನಾನು. ಇಂಥ ಪ್ರತಿಭಾವಂತನಿಗೆ ಊರ ನಾಟಕದಲ್ಲಿ ರಾಕ್ಷಸರಾಜನ ಪಾರ್ಟು ಸಿಗದೆ ಇನ್ನಾರಿಗೆ ಸಿಗಬೇಕು?

ನಮ್ಮೂರಲ್ಲಿ ಬಹಳ ವರ್ಷಗಳ ಮೇಲೆ ಮತ್ತೆ ಪೌರಾಣಿಕ ನಾಟಕ ಆಡಿಸುವ ತೀರ್ಮಾನವಾಗಿತ್ತು. ಹಳೇ ಕಲಾವಿದರಲ್ಲಿ ಉಳಿದವರು ಇಬ್ಬರೇ: ನಮ್ಮಜ್ಜ ಮತ್ತು ಅವರ ಗೆಳೆಯ ತಿಪ್ಪಣ್ಣಜ್ಜ. ಕಲಿಸುವವರೂ ಅವರೇ, ಪಾರ್ಟು ಹಂಚುವವರೂ ಅವರೇ. ನನಗೆ ಗದೆ, ಮೀಸೆ, ಕಿರೀಟ ಸಿಗಬೇಕಾದರೆ ಇಬ್ಬರೂ ಒಪ್ಪಬೇಕು. ಅವರಿಬ್ಬರೂ ಒಮ್ಮತಕ್ಕೆ ಬಂದಿದ್ದ ವಿಷಯ ಜಗತ್ತಿನಲ್ಲಿ ಒಂದೇ, ಶಾಂತಕ್ಕನ ಹೋಟೆಲಿನ ಮಂಡಕ್ಕಿ ಮೆಣಸಿನಕಾಯಿ!

ಭಿನ್ನಾಭಿಪ್ರಾಯದ ಮೂಲ ಗುರುಪರಂಪರೆಯಲ್ಲಿತ್ತು. ಈಗಿನವರು ನಿರ್ದೇಶಕ ಎನ್ನುತ್ತಾರಲ್ಲ, ಆಗ ಅವರು ನಾಟಕದ ಮೇಷ್ಟ್ರು. ಹಾರ್ಮೋನಿಯಂ ಪೆಟ್ಟಿಗೆ ಹೊತ್ತು ಊರಿಗೆ ಬಂದು, ತಿಂಗಳುಗಟ್ಟಲೆ ಉಳಿದು, ಕುರಿ ಕಾಯುವವನನ್ನು ಚಕ್ರವರ್ತಿ ಮಾಡಿ ಹೋಗುತ್ತಿದ್ದರು. ನಮ್ಮಜ್ಜ ಹೊಸದುರ್ಗದ ಕಡೆಯ ಬೆತ್ತದ ಮೇಷ್ಟ್ರ ಶಿಷ್ಯ. ಆ ಮೇಷ್ಟ್ರು ಪ್ರತಿ ಮಾತಿನ ಕೊನೆಗೆ ಶಿಷ್ಯನ ಎಡಗಾಲಿಗೆ ಬೆತ್ತ ತಾಗಿಸುತ್ತಿದ್ದರಂತೆ. ಅಜ್ಜ ಇಂದಿಗೂ ನಾಟಕದ ಮಾತು ಮುಗಿಸಿದೊಡನೆ ಎಡಗಾಲು ಎತ್ತುತ್ತಾರೆ. ತಿಪ್ಪಣ್ಣಜ್ಜ ಹಿರಿಯೂರಿನ ನಶ್ಯದ ಮೇಷ್ಟ್ರ ಶಿಷ್ಯ. ಆ ಮೇಷ್ಟ್ರು ಮಾತು ಹೇಳಿಕೊಡುತ್ತಾ ನಡುವೆ ನಿಲ್ಲಿಸಿ ಒಂದು ಚಿಟಿಕೆ ನಶ್ಯ ಏರಿಸುತ್ತಿದ್ದರಂತೆ. ಶಿಷ್ಯರು ಆ ನಿಲುಗಡೆಯನ್ನೂ ಭಕ್ತಿಯಿಂದ ಕಲಿತರು!

ಪಾರ್ಟು ಹಂಚಬೇಕಿದ್ದ ದಿನ ಶಾಂತಕ್ಕನ ಹೋಟೆಲಿನ ಬೆಂಚಿನ ಮೇಲೆ ಅಜ್ಜ ಶುರು ಮಾಡಿದರು.

"ಆ ತಲೆಮಾರಿನಾಗೆ ನಮ್ಮ ಬೆತ್ತದ ಮೇಷ್ಟ್ರನ್ನ ಮೀರಿಸೋರು ಯಾರಿದ್ರಲೇ ತಿಪ್ಪಾ?"

"ಬೆತ್ತ ಹಿಡಿದೋರೆಲ್ಲ ಮೇಷ್ಟ್ರೇನು? ದನ ಕಾಯೋನ ಕೈಯಾಗೂ ಇರ್ತೈತೆ," ಎಂದರು ತಿಪ್ಪಣ್ಣಜ್ಜ. "ನಮ್ಮ ಮೇಷ್ಟ್ರು ಮಾತು ನಿಲ್ಲಿಸಿದ್ರೆ ಎದುರಿಗಿದ್ದೋರು ಉಸಿರು ಬಿಗಿ ಹಿಡಿದು ಕುಂತಿರ್ತಿದ್ರು!"

"ಹಿಡೀದೆ ಏನ್ಮಾಡ್ತಾರೆ? ಬಿಟ್ರೆ ನಶ್ಯ ಹಾರಿ ಹೋಗ್ತಿತ್ತು!"

"ಅದು ನಶ್ಯಕ್ಕಲ್ಲಲೇ, ಅಭಿನಯಕ್ಕೆ ನಿಲ್ಲಿಸ್ತಿದ್ದಿದ್ದು!"

ಶಾಂತಕ್ಕ ಬಾಣಲೆಯ ಹಿಂದಿನಿಂದಲೇ ಕೂಗಿದಳು: "ಅವರಿಬ್ರೂ ಸ್ವರ್ಗದಾಗೆ ಒಟ್ಟಿಗೆ ಚಾ ಕುಡೀತಿರ್ತಾರೆ. ನೀವು ಇಲ್ಲಿ ಬಡಿದಾಡ್ರಿ!"

ಜಗಳ ಹೀಗೇ ನಡೆದರೆ ನಾಟಕ ನಿಂತೀತು, ನನ್ನ ಕಿರೀಟ ಹೋದೀತು! ನಾನು ಬೆಂಚು ಹತ್ತಿ ನಿಂತೆ. "ತಡೀರಜ್ಜ, ಇಬ್ರೂ ಮೇಷ್ಟ್ರನ್ನ ಇಲ್ಲಿಗೇ ಕರೆಸ್ತೀನಿ. ನೋಡಿ ನೀವೇ ತೀರ್ಮಾನ ಮಾಡ್ರಿ." ಇಬ್ಬರನ್ನೂ ಮೆಚ್ಚಿಸುವ ನನ್ನ ಮಹಾ ಯೋಜನೆ ಅದು.

ಮೊದಲು ಬೆತ್ತದ ಮೇಷ್ಟ್ರು. ಗಂಟಲು ಸರಿಮಾಡಿಕೊಂಡೆ. "ಎಲೈ ಮಂತ್ರಿ! ಈ ಮೂರು ಲೋಕದಲ್ಲಿ ನನ್ನನ್ನು ಎದುರಿಸುವ ಗಂಡು ಯಾವನಿದ್ದಾನೆ?" ಎಂದು ಗರ್ಜಿಸಿ ಎಡಗಾಲು ಎತ್ತಿದೆ. ಅಜ್ಜನ ಕಣ್ಣಲ್ಲಿ ನೀರು!

"ಒನ್ಸ್ ಮೋರ್!" ಎಂದರು ತಿಪ್ಪಣ್ಣಜ್ಜ.

ನಾಟಕದವರ ಮೊಮ್ಮಗನಿಗೆ ಈ ಮಾತು ಕಿವಿಗೆ ಬಿದ್ದರೆ ಮುಗಿಯಿತು. ಸತ್ತ ರಾಜ ಕೂಡ ಎದ್ದು ಇನ್ನೊಮ್ಮೆ ಹಾಡಿ ಸಾಯುವ ಕಾಲದ ಕೂಗು ಅದು. ಮತ್ತೆ ಗರ್ಜಿಸಿದೆ. "ಒನ್ಸ್ ಮೋರ್!" ಇನ್ನೂ ಜೋರಾಗಿ ಗರ್ಜಿಸಿದೆ. ಪಾರ್ಟು ಕೈಗೆ ಬಂದಂತೆಯೇ!

ಅದು ಮೆಚ್ಚುಗೆಯಲ್ಲ, ತನಿಖೆ ಎಂದು ಆಮೇಲೆ ತಿಳಿಯಿತು.

"ಲೇ ಮಂಜ, ಬೆತ್ತದ ಮೇಷ್ಟ್ರಿಗೆ ಬಾಯಿ ತುಂಬ ಹಲ್ಲಿದ್ವು," ಎಂದರು ತಿಪ್ಪಣ್ಣಜ್ಜ. "ನೀನು 'ಎದುರಿಸುವ' ಅಂದಾಗೆಲ್ಲ ಸುಯ್ ಅಂತ ಗಾಳಿ ಹೋಗ್ತೈತೆ. ಅದು ಮೇಷ್ಟ್ರಲ್ಲ, ನಿಮ್ಮಜ್ಜನ ಬೊಚ್ಚು ಬಾಯಿ!"

ಅಜ್ಜ ಕೈಯಿಂದ ಬಾಯಿ ಮುಚ್ಚಿಕೊಂಡರು. ನಾನು ಗಾಬರಿಯಿಂದ ನಶ್ಯದ ಮೇಷ್ಟ್ರಿಗೆ ಹಾರಿದೆ. "ಎಲೈ ಮಂತ್ರಿ!" ಎಂದು ನಿಲ್ಲಿಸಿ, ನಡುಗುವ ಬೆರಳಲ್ಲಿ ಚಿಟಿಕೆ ಏರಿಸಿದೆ. ಈ ಸಲ ನಗುವ ಸರದಿ ಅಜ್ಜನದು.

"ಆ ಮೇಷ್ಟ್ರ ಕೈ ಯಾವತ್ತಲೇ ನಡುಗ್ತು? ಒಂದು ಕಣ ನಶ್ಯ ನೆಲಕ್ಕೆ ಬೀಳ್ತಿರಲಿಲ್ಲ. ಇದು ನಮ್ಮ ತಿಪ್ಪ!"

ನಿಜವೇ. ಇಬ್ಬರು ಮೇಷ್ಟ್ರನ್ನೂ ನಾನು ಕಂಡವನಲ್ಲ. ಈ ಮುದುಕರು ಹೇಳಿಕೊಂಡು ಅಭಿನಯಿಸಿದ್ದನ್ನೇ ನೋಡಿ ಬೆಳೆದವನು. ನಕಲಿನ ನಕಲು!

ನಗು ನಿಂತ ಮೇಲೆ ಅಜ್ಜ ಮೆಲ್ಲಗೆ ಕೇಳಿದರು: "ಹಂಗಾರೆ ತಿಪ್ಪಾ, ನಮ್ಮ ಮೇಷ್ಟ್ರ ದನಿ ಹೆಂಗಿತ್ತಲೇ?"

ತಿಪ್ಪಣ್ಣಜ್ಜ ತಲೆ ಕೆರೆದುಕೊಂಡರು. "ಭರಮಸಾಗರದಿಂದ ಗಾಡಿ ಕಟ್ಕಂಡು ಜನ ಬರ್ತಿದ್ದುದು ನೆನಪೈತೆ. ಗ್ಯಾಸ್‌ಲೈಟಿನ ಸುಯ್‌ಗುಟ್ಟೋ ಸದ್ದು ಕಿವಿಯಾಗೈತೆ. ಪೆಟ್ಟಿಗೆಯ ಶ್ರುತಿನೂ ಐತೆ. ನಿಮ್ಮ ಮೇಷ್ಟ್ರ ದನಿ ಮಾತ್ರ ನೆನಪಿಗೆ ಬರ್ತಿಲ್ಲ ಕಣೋ. ನಮ್ಮ ಮೇಷ್ಟ್ರದ್ದೂ ಅಷ್ಟೇ."

ಶಾಂತಕ್ಕ ಯಾರೂ ಕೇಳದೆಯೇ ಎರಡು ಚಾ ತಂದಿಟ್ಟಳು. ಯಾವ ಮೇಷ್ಟ್ರು ದೊಡ್ಡವರೆಂಬ ವಿಷಯವನ್ನು ಆಮೇಲೆ ಯಾರೂ ಎತ್ತಲಿಲ್ಲ.

ನನಗೆ ಮಾತ್ರ ಕಿರೀಟದ್ದೇ ಚಿಂತೆ. "ಅಜ್ಜ, ಪಾರ್ಟು?"

"ಒಂದು ಸಲ ನಿನ್ನ ಸ್ವಂತ ದನಿಯಾಗೆ ಹೇಳು, ಕೇಳಾಣ."

"ಎಲೈ ಮಂತ್ರಿ" ಎಂದೆ. ಕಂಡಕ್ಟರ್ ಬಂದ. ಕೆಮ್ಮಿ ಮತ್ತೆ ಹೇಳಿದೆ. ಸಾಹುಕಾರ ಬಂದ. ಮೂರನೆಯ ಸಲ ಹೆಡ್‌ಮೇಷ್ಟ್ರು, ನೆಗಡಿ ಸಮೇತ! ಊರಿನವರೆಲ್ಲ ನನ್ನ ಗಂಟಲಲ್ಲಿ ಬಾಡಿಗೆಗಿದ್ದರು. ಮನೆಯ ಯಜಮಾನ ಮಾತ್ರ ನಾಪತ್ತೆ.

ಇಬ್ಬರೂ ಕೂಡಿ ತೀರ್ಪು ಕೊಟ್ಟರು. ರಾಕ್ಷಸರಾಜನ ಪಾರ್ಟು ಶಾಂತಕ್ಕನ ಮಗನಿಗೆ. ನನಗೆ ರಾಜನ ರಥ ಎಳೆಯುವ ಕುದುರೆ, ಅದರಲ್ಲೂ ಮುಂಭಾಗ ಮಾತ್ರ. ಮಾತಿಲ್ಲ, ಒಂದು ಹೇಷಾರವ.

ಮೊದಲ ತಾಲೀಮಿನಲ್ಲಿ ರಟ್ಟಿನ ಮುಖದೊಳಗೆ ತಲೆ ತೂರಿಸಿ ನಿಂತೆ. ಕುದುರೆ ಕೆನೆಯುವುದನ್ನು ನಾನು ಹತ್ತಿರದಿಂದ ಕೇಳಿದವನೇ ಅಲ್ಲ. ನಕಲು ಹೊಡೆಯಲು ಯಾರೂ ಇಲ್ಲ. ದೇವರ ಮೇಲೆ ಭಾರ ಹಾಕಿ ಕೆನೆದುಬಿಟ್ಟೆ.

ಇಬ್ಬರು ಅಜ್ಜಂದಿರೂ ಒಟ್ಟಿಗೆ ಎದ್ದು ನಿಂತರು.

"ಸಿಕ್ತಲೇ ಮಂಜ! ಇದು ಯಾರದ್ದೂ ಅಲ್ಲ, ನಿಂದೇ ದನಿ!"